ಅರ್ಧಕ್ಕೆ ನಿಲ್ಲುವ ಕಥೆಯಾಟಗಳು

ಮನೆಯ ಮಗನೋ ಮಗಳೋ ಪದವಿ ಮುಗಿಸಿ, ರಾತ್ರಿ ಹನ್ನೊಂದಾದರೂ ಕಂಪ್ಯೂಟರಿನ ಮುಂದಿನಿಂದ ಏಳದೆ, ತಾನೊಂದು ಗೇಮ್ ತಯಾರಿಸುತ್ತಿರುವುದಾಗಿ ಹೇಳಿದಾಗ ತಂದೆತಾಯಿಯರ ಮನದಲ್ಲಿ ಆತಂಕ ಮೂಡುವುದು ಸಹಜ. ಗೇಮ್ ಎಂದೊಡನೆ ಹಣ ಕಟ್ಟಿ ಆಡುವ ಆನ್‌ಲೈನ್ ಜೂಜೇ ಕಣ್ಣ ಮುಂದೆ ಬರುತ್ತದೆ. ಅಂತಹ ಹಣದಾಟದಿಂದ ಬೀದಿಗೆ ಬಂದ ಕುಟುಂಬಗಳ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. 2025ರಲ್ಲಿ ಸಂಸತ್ತು ಅದನ್ನು ನಿಷೇಧಿಸುವ ಕಾಯಿದೆಯನ್ನೂ ಅಂಗೀಕರಿಸಿತು. ಆದರೆ ಇಲ್ಲಿ ಹೇಳಹೊರಟಿರುವುದು ಆಡುವವರ ವಿಷಯವಲ್ಲ, ಆಟವನ್ನು ಕಟ್ಟುವವರ ವಿಷಯ. ಅದರಲ್ಲೂ ‘ವಿಶುವಲ್ ನಾವೆಲ್’ ಎಂದು ಕರೆಯಲಾಗುವ, ಕಥೆಯೇ ಪ್ರಧಾನವಾದ ಒಂದು ಬಗೆಯ ಆಟವನ್ನು ಯಾವ ಕಂಪನಿಯ ಆಶ್ರಯವೂ ಇಲ್ಲದೆ ಒಬ್ಬಿಬ್ಬರೇ ಕಟ್ಟಲು ಹೊರಡುವವರ ವಿಷಯ.

ದಾವಣಗೆರೆ ಸೀಮೆಯವರಿಗೆ ಈ ಕಥೆಯಾಟದ ಸ್ವರೂಪವನ್ನು ತಿಳಿಸುವುದು ಕಷ್ಟವೇನಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕಗಳನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಹಿಂದೆ ಬಣ್ಣದ ಪರದೆ, ಒಮ್ಮೆ ಅರಮನೆ, ಒಮ್ಮೆ ಬೀದಿ; ಮುಂದೆ ಪಾತ್ರಗಳು; ಪಕ್ಕದಲ್ಲಿ ಹಾರ್ಮೋನಿಯಂ. ವಿಶುವಲ್ ನಾವೆಲ್ ಎಂಬುದು ಇದೇ ರಂಗಸಜ್ಜಿಕೆಯನ್ನು ಕಂಪ್ಯೂಟರಿನ ಪರದೆಗೆ ಇಳಿಸಿದ ರೂಪ. ಹಿನ್ನೆಲೆಯಲ್ಲಿ ಒಂದು ಚಿತ್ರ, ಅದರ ಮುಂದೆ ಪಾತ್ರದ ಚಿತ್ರ, ಕೆಳಗಿನ ಚೌಕದಲ್ಲಿ ಆ ಪಾತ್ರದ ಮಾತು. ಓದುಗ ಒಂದೊಂದೇ ಮಾತನ್ನು ಓದುತ್ತಾ ಮುಂದೆ ಸಾಗುತ್ತಾನೆ. ಅಲ್ಲಲ್ಲಿ ಕಥೆ ನಿಂತು ಅವನನ್ನೇ ಪ್ರಶ್ನಿಸುತ್ತದೆ: ಊರಿಗೆ ಹಿಂದಿರುಗುವೆಯಾ, ಇಲ್ಲೇ ಉಳಿಯುವೆಯಾ? ಅವನು ಆರಿಸಿದಂತೆ ಕಥೆಯ ದಾರಿ ಬದಲಾಗುತ್ತದೆ. ಜಪಾನಿನಲ್ಲಿ ಬೆಳೆದ ಈ ಪ್ರಕಾರ ಇಂದು ಎಲ್ಲ ದೇಶಗಳಿಗೂ ಹಬ್ಬಿದೆ. (ಇವುಗಳಲ್ಲಿ ಮಕ್ಕಳ ಕೈಗೆ ಕೊಡಬಾರದವೂ ಬಹಳಷ್ಟಿವೆ, ಆಡಲು ಬಿಡುವ ಮೊದಲು ಹಿರಿಯರು ಒಮ್ಮೆ ನೋಡುವುದು ಒಳಿತು.)

ಇಂತಹ ಆಟ ಕಟ್ಟಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಅಮೆರಿಕದ ಟಾಮ್ ರೋಥಮೆಲ್ ಎಂಬ ತಂತ್ರಜ್ಞ 2004ರಿಂದ ‘ರೆನ್‌ಪೈ’ ಎಂಬ ಸಾಧನವನ್ನು ಉಚಿತವಾಗಿ ನೀಡುತ್ತಾ ಬಂದಿದ್ದಾರೆ. ಜಗತ್ತಿನ ಸಾವಿರಾರು ಕಥೆಯಾಟಗಳು ಅದರಲ್ಲೇ ರಚನೆಯಾಗಿವೆ. ಸಾಧಾರಣ ಕಂಪ್ಯೂಟರ್ ಒಂದಿದ್ದರೆ ಹದಡಿಯ ಮನೆಯ ಹಜಾರದಲ್ಲಿ ಕುಳಿತೇ ಕೆಲಸ ಆರಂಭಿಸಬಹುದು. ಆರಂಭ ಇಷ್ಟು ಸುಲಭವಾಗಿರುವುದೇ ಒಂದು ಬಗೆಯ ಬಲೆಯೂ ಹೌದು. ಆರಂಭವಾಗುವ ಇಂತಹ ಕೆಲಸಗಳಲ್ಲಿ ಮುಗಿಯುವುದಕ್ಕಿಂತ ಅರ್ಧಕ್ಕೆ ನಿಲ್ಲುವುದೇ ಹೆಚ್ಚು. ಎರಡು ವರ್ಷ ದುಡಿದ ಕೆಲಸ ನಿಂತುಹೋದಾಗ ಆ ಯುವಕ ಅಥವಾ ಯುವತಿ ತನಗೆ ಪ್ರತಿಭೆಯೇ ಇಲ್ಲವೆಂದು ತೀರ್ಮಾನಿಸುತ್ತಾರೆ; ಮನೆಯವರು ‘ನಾವು ಮೊದಲೇ ಹೇಳಿರಲಿಲ್ಲವೇ’ ಎನ್ನುತ್ತಾರೆ. ಎರಡೂ ಮಾತು ಬಹುಪಾಲು ತಪ್ಪು. ನಿಂತ ಕೆಲಸಗಳನ್ನು ಬಿಚ್ಚಿ ನೋಡಿದರೆ ಕಾಣುವುದು ಪ್ರತಿಭೆಯ ಕೊರತೆಯಲ್ಲ, ಅಳತೆಯ ದೋಷ.

ಕಾಲುವೆಯ ಲೆಕ್ಕ

ಸ್ವಲ್ಪ ಲೆಕ್ಕ ಹಾಕೋಣ. ಎರಡು ಗಂಟೆಯಲ್ಲಿ ಓದಿ ಮುಗಿಸಬಹುದಾದ ಕಥೆಗೆ ಹೆಚ್ಚುಕಡಿಮೆ 15 ಸಾವಿರ ಪದಗಳ ಬರವಣಿಗೆ ಬೇಕು. ಐದು ಪಾತ್ರಗಳಿದ್ದು, ಒಂದೊಂದಕ್ಕೂ ನಗು, ಸಿಟ್ಟು, ಅಳು ಎಂದು ಆರು ಮುಖಭಾವ ಬರೆದರೆ 30 ಚಿತ್ರಗಳಾದವು, ಹಿನ್ನೆಲೆಗಳು 15. ಸಂಜೆಗೆ 300 ಪದದಂತೆ ಬರೆದರೆ ಬರವಣಿಗೆಗೆ 50 ಸಂಜೆ, ಚಿತ್ರವೊಂದಕ್ಕೆ ಎರಡು ಸಂಜೆಯಂತೆ 90 ಸಂಜೆ. ಒಟ್ಟು 140. ಉದ್ಯೋಗ ಮುಗಿಸಿ ಬಂದವನಿಗೆ ವಾರಕ್ಕೆ ಮೂರು ಸಂಜೆ ದೊರೆತರೆ, ಇಷ್ಟು ಚಿಕ್ಕ ಆಟಕ್ಕೂ ಒಂದು ವರ್ಷ ಹಿಡಿಯಿತು. ತಿದ್ದುಪಡಿ, ಸಂಗೀತ, ಜೋಡಣೆಗಳ ಲೆಕ್ಕ ಇದರಲ್ಲಿಲ್ಲ. ಈಗ ಅದೇ ಯುವಕ ಆರು ಗಂಟೆಯ ಕಥೆ, ಹನ್ನೆರಡು ಪಾತ್ರ, ನಲವತ್ತು ಹಿನ್ನೆಲೆ ಎಂದು ಹೊರಟನೆನ್ನಿ. ಅದೇ ವೇಗದಲ್ಲಿ ಅವನಿಗೆ 374 ಸಂಜೆಗಳು ಬೇಕು, ಎಂದರೆ ಸುಮಾರು ಎರಡೂವರೆ ವರ್ಷ. ಮೊದಲ ಆಟವನ್ನೇ ಹೀಗೆ ಹಿಗ್ಗಿಸಿಕೊಂಡವರು ಒಂದೂವರೆ ವರ್ಷದ ಹೊತ್ತಿಗೆ ದಣಿಯುತ್ತಾರೆ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಶುಭಸಂದೇಶದ ಸಾಮತಿಯನ್ನು ಬಾಲ್ಯದಿಂದ ಕೇಳಿದ ನಮಗೆ ಇದು ಹೊಸ ಮಾತೇನಲ್ಲ. ಆದರೆ ಕಥೆ ಕಟ್ಟುವಾಗ ಲೆಕ್ಕದ ಪುಸ್ತಕ ತೆಗೆಯುವುದು ಯಾರಿಗೂ ಒಗ್ಗದು.

ಇದಕ್ಕಿಂತ ದೊಡ್ಡ ಅಪಾಯ ಕವಲುಗಳಲ್ಲಿದೆ. ಕಥೆಯಲ್ಲಿ ಐದೇ ಐದು ಕಡೆ ಓದುಗನಿಗೆ ಎರಡೆರಡು ಆಯ್ಕೆ ಕೊಟ್ಟು, ಪ್ರತಿ ಆಯ್ಕೆಗೂ ಬೇರೆಯೇ ದಾರಿ ಬರೆಯುತ್ತಾ ಹೋದರೆ ಕೊನೆಗೆ 32 ಮುಕ್ತಾಯಗಳನ್ನು ಬರೆಯಬೇಕಾಗುತ್ತದೆ. ಭದ್ರಾ ಅಚ್ಚುಕಟ್ಟಿನ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಖ್ಯ ನಾಲೆಯಿಂದ ಉಪನಾಲೆ, ಉಪನಾಲೆಯಿಂದ ವಿತರಣಾ ಕಾಲುವೆ ಎಂದು ಒಡೆಯುತ್ತಾ ಹೋದಂತೆ ಕೊನೆಭಾಗದ ಗದ್ದೆಗೆ ನೀರು ತಲುಪುವುದೇ ಇಲ್ಲ. ದಾವಣಗೆರೆ ತಾಲ್ಲೂಕಿನವರು ವರ್ಷ ವರ್ಷವೂ ಇದಕ್ಕಾಗಿ ಹೋರಾಡುತ್ತಾರೆ. ಕಥೆಯಾಟದಲ್ಲಿ ನೀರೆಂದರೆ ಕಟ್ಟುವವನ ದುಡಿಮೆ. ಮೊದಲ ಅಧ್ಯಾಯದಲ್ಲಿ ಸಮೃದ್ಧವಾಗಿ ಹರಿದದ್ದು ಹದಿನೇಳನೆಯ ಮುಕ್ತಾಯದ ಹೊತ್ತಿಗೆ ಬತ್ತಿರುತ್ತದೆ. ಅನುಭವಸ್ಥರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕವಲುಗಳನ್ನು ಮತ್ತೆ ಕೂಡಿಸುವುದು. ಊರಿಗೆ ಹಿಂದಿರುಗಿದವನೂ ಹಿಂದಿರುಗದವನೂ ಎರಡು ಪುಟಗಳ ನಂತರ ಅದೇ ಮದುವೆಮನೆಯಲ್ಲಿ ಸೇರುತ್ತಾರೆ; ಅಲ್ಲಿ ಅವರು ಆಡುವ ಒಂದೆರಡು ಮಾತುಗಳಷ್ಟೇ ಬೇರೆಯಾಗಿರುತ್ತವೆ. ಓದುಗನ ಆಯ್ಕೆಯನ್ನು ಕಥೆ ನೆನಪಿಟ್ಟುಕೊಂಡರೆ ಸಾಕು, ಬೇರೆ ಲೋಕವನ್ನೇ ಸೃಷ್ಟಿಸಬೇಕಾಗಿಲ್ಲ. ಅರ್ಧಕ್ಕೆ ನಿಂತ ಎಷ್ಟೋ ಕೆಲಸಗಳನ್ನು ಹೀಗೆ ಕತ್ತರಿಸಿ ಉಳಿಸಿಕೊಳ್ಳಬಹುದು. ಬರೆದದ್ದನ್ನು ತೆಗೆದುಹಾಕುವಾಗ ಕರುಳು ಹಿಂಡಿದಂತಾಗುತ್ತದೆ, ನಿಜ. ತೆಗೆದ ಭಾಗವನ್ನು ಬೇರೊಂದು ಕಡತದಲ್ಲಿ ಇಟ್ಟುಕೊಂಡರೆ ಆ ನೋವು ಅರ್ಧ ಕಡಿಮೆಯಾಗುತ್ತದೆ.

‘ಅಮ್ಮ’ ಎಂಬ ಪದ ಮೂಡದಾಗ

ಕನ್ನಡದಲ್ಲೇ ಕಥೆಯಾಟ ಕಟ್ಟಬೇಕೆಂಬ ಹಂಬಲವುಳ್ಳವರಿಗೆ ಬಹುಕಾಲ ಇನ್ನೊಂದು ತೊಡಕಿತ್ತು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರಗಳು ಹಾಗಲ್ಲ. ಒಂದರ ಕೆಳಗೆ ಒಂದು ಒತ್ತಾಗಿ ಕೂಡುತ್ತವೆ, ಗುಣಿತಾಕ್ಷರಗಳಾಗಿ ರೂಪ ಬದಲಿಸುತ್ತವೆ. ಈ ಕೂಡಿಕೆಯನ್ನು ಮಾಡಿಕೊಡುವ ವ್ಯವಸ್ಥೆಯೊಂದು ತಂತ್ರಾಂಶದೊಳಗೇ ಇರಬೇಕು. ಅದು ಇಲ್ಲದ ಕಡೆ ‘ಅಮ್ಮ’ ಎಂದು ಬರೆದರೆ ಪರದೆಯ ಮೇಲೆ ‘ಅಮ್‌ಮ’ ಎಂದು ಮೂಡುತ್ತಿತ್ತು. ‘ಕ್ರಿಸ್ತ’, ‘ಪ್ರಾರ್ಥನೆ’ ಮುಂತಾದ ಪದಗಳ ಗತಿಯನ್ನಂತೂ ಹೇಳುವುದೇ ಬೇಡ. ಹಲವು ತಿಂಗಳು ಕಥೆ ಬರೆದು, ಮೊದಲ ಬಾರಿಗೆ ಪರದೆಯ ಮೇಲೆ ಹಾಕಿ ನೋಡಿದ ದಿನ ತಾಯಿಯನ್ನು ಕರೆಯುವ ಪದವೇ ಮುರಿದು ಬಿದ್ದದ್ದನ್ನು ಕಂಡರೆ ಯಾರ ಉತ್ಸಾಹವಾದರೂ ಕುಂದದೇ ಇರದು.

ಇದಕ್ಕೆ ಅಡ್ಡದಾರಿಗಳಿದ್ದವು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿತ್ತಾದ್ದರಿಂದ ಅವುಗಳಲ್ಲಿ ಬೆರಳಚ್ಚಿಸಿದರೆ ಅಕ್ಷರ ಸರಿಯಾಗಿ ಕಾಣುತ್ತಿತ್ತು. ಇಲ್ಲವೇ ಪ್ರತಿಯೊಂದು ಮಾತನ್ನೂ ಚಿತ್ರವಾಗಿ ಮಾಡಿ ಅಂಟಿಸಬೇಕಿತ್ತು. ಒಂದು ಅಕ್ಷರ ತಪ್ಪಿದರೂ ಇಡೀ ಚಿತ್ರವನ್ನು ಮತ್ತೆ ಮಾಡಬೇಕು. ಇಂತಹ ಕಷ್ಟಗಳಿಂದಲೇ ನಮ್ಮವರು ಇಂಗ್ಲಿಷಿಗೆ ಹೊರಳಿದರೆ ಅವರನ್ನು ದೂರುವಂತಿರಲಿಲ್ಲ. 2023ರಲ್ಲಿ ರೆನ್‌ಪೈಯ ಹೊಸ ಆವೃತ್ತಿ ‘ಹಾರ್ಫ್‌ಬಜ್’ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಅಳವಡಿಸಿಕೊಂಡಿತು. ಅಲ್ಲಿಂದ ಭಾರತೀಯ ಲಿಪಿಗಳಿಗೆ ಅದರಲ್ಲಿ ದಾರಿ ತೆರೆಯಿತು. ಆದುದರಿಂದ, ಕೆಲವು ವರ್ಷಗಳ ಹಿಂದೆ ಈ ಕಾರಣಕ್ಕಾಗಿಯೇ ಕೈಚೆಲ್ಲಿದವರು ಯಾರಾದರೂ ನಮ್ಮ ನಡುವೆ ಇದ್ದರೆ, ಹಳೆಯ ಕಡತವನ್ನು ಮತ್ತೆ ತೆರೆದು ನೋಡುವುದು ಉಚಿತ. ಹೊಸದಾಗಿ ಆರಂಭಿಸುವವರಿಗೂ ಒಂದು ಮಾತು: ಕಥೆ ಬರೆಯುವ ಮುನ್ನ ಹತ್ತು ಸಾಲು ಕನ್ನಡವನ್ನು ಪರದೆಯ ಮೇಲೆ ಮೂಡಿಸಿ ನೋಡಿ, ಅದು ಸರಿಯಾದ ಮೇಲೆ ಮುಂದುವರಿಯಿರಿ.

ಕಡತದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಕಂಪ್ಯೂಟರ್ ಕೆಟ್ಟು ಎರಡು ವರ್ಷದ ಚಿತ್ರಗಳೆಲ್ಲ ಅಳಿದುಹೋಗುವುದು ಅಪರೂಪದ ದುರಂತವೇನಲ್ಲ. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಮನೆಯ ಹೊರಗಿರಲಿ. ಇದಕ್ಕಿಂತ ಹೆಚ್ಚಿನ ತತ್ತ್ವಜ್ಞಾನ ಇದರಲ್ಲಿ ಇಲ್ಲ.

ಸೋತವರ ಮುಂದಿನ ಹೆಜ್ಜೆ

ಹಿನ್ನಡೆಗಳಲ್ಲಿ ಅತ್ಯಂತ ಕಠಿಣವಾದುದು ಹಣದ್ದು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲು ಮುಚ್ಚಿದ್ದನ್ನೂ ದಾವಣಗೆರೆಯ ಹತ್ತಿಗಿರಣಿಗಳು ಒಂದೊಂದಾಗಿ ನಿಂತದ್ದನ್ನೂ ಕಂಡ ಮನೆಗಳಿಗೆ ತಿಂಗಳ ಸಂಬಳದ ಬೆಲೆ ಏನೆಂದು ತಿಳಿದಿದೆ. ಅವರ ಎಚ್ಚರಿಕೆಯನ್ನು ಹಳೆಯ ಕಾಲದ ಮನೋಭಾವವೆಂದು ಯುವಕರು ತಳ್ಳಿಹಾಕಬಾರದು. ಪುಣೆಯ ‘ನಾಡಿಂಗ್ ಹೆಡ್ಸ್’ ತಂಡದ ಅನುಭವವನ್ನು ಇಲ್ಲಿ ನೆನೆಯಬಹುದು. ಅವರದು ವಿಶುವಲ್ ನಾವೆಲ್ ಅಲ್ಲ, ಸಾಹಸದ ಆಟ. ಆದರೆ ಕಷ್ಟ ಒಂದೇ. ಭಾರತದ ಪುರಾಣಲೋಕವನ್ನು ಆಧರಿಸಿದ ‘ರಾಜಿ’ ಎಂಬ ತಮ್ಮ ಆಟಕ್ಕಾಗಿ ಅವರು 2017ರಲ್ಲಿ ‘ಕಿಕ್‌ಸ್ಟಾರ್ಟರ್’ ಮೂಲಕ ಸಾರ್ವಜನಿಕರಿಂದ ಧನಸಂಗ್ರಹಕ್ಕೆ ಹೊರಟರು. ಗೊತ್ತುಪಡಿಸಿದ ಮೊತ್ತ ತುಂಬದಿದ್ದರೆ ಒಂದು ರೂಪಾಯಿಯೂ ಕೈಗೆ ಬಾರದೆಂಬುದು ಅಲ್ಲಿನ ನಿಯಮ. ಮೊತ್ತ ತುಂಬಲಿಲ್ಲ. ತಂಡವನ್ನು ಉಳಿಸಲು ಸಂಸ್ಥಾಪಕರಲ್ಲೊಬ್ಬರು ತಮ್ಮ ಮನೆಯನ್ನೇ ಮಾರಿದರು. ಮುಂದೆ ‘ಎಪಿಕ್’ ಕಂಪನಿಯ ಅನುದಾನವೂ ಪ್ರಕಾಶಕರ ನೆರವೂ ದೊರೆತು 2020ರ ಆಗಸ್ಟ್‌ನಲ್ಲಿ ಆಟ ಹೊರಬಂದಿತು. ಅದೇ ವರ್ಷ ‘ಗೇಮ್ ಅವಾರ್ಡ್ಸ್’ ಪ್ರಶಸ್ತಿಯ ಚೊಚ್ಚಲ ಆಟಗಳ ವಿಭಾಗದಲ್ಲಿ ನಾಮಕರಣವನ್ನೂ ಪಡೆಯಿತು. ಈ ಕಥೆಯನ್ನು ಸಾಮಾನ್ಯವಾಗಿ ಸ್ಫೂರ್ತಿಗಾಗಿ ಹೇಳುತ್ತಾರೆ. ಆದರೆ ಮನೆ ಮಾರಿದ ಭಾಗವನ್ನು ಯಾರೂ ಅನುಕರಿಸಬಾರದೆಂಬುದು ಈ ಲೇಖಕನ ಅಭಿಪ್ರಾಯ. ಮನೆ ಮಾರಿ ಗೆದ್ದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಸೋತವರದು ಬರುವುದಿಲ್ಲ.

ಬೆಂಗಳೂರಿನ ದಾರಿ ಬೇರೆಯದು. ರಾಜೇಶ್ ರಾವ್ ಅವರು 1997ರಲ್ಲಿ, ಭಾರತದಲ್ಲಿ ಗೇಮ್ ತಯಾರಿಕೆಯೆಂಬ ಉದ್ಯಮವೇ ಇಲ್ಲದಿದ್ದಾಗ, ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯನ್ನು ಆ ಕ್ಷೇತ್ರಕ್ಕೆ ಇಳಿಸಿದರು. ಸ್ವಂತ ಆಟಗಳಿಗೆ ಇಲ್ಲಿ ಮಾರುಕಟ್ಟೆ ಇರಲಿಲ್ಲ. ಹೊರದೇಶಗಳ ಕಂಪನಿಗಳ ಆಟಗಳಿಗೆ ಚಿತ್ರ, ಮಾದರಿಗಳನ್ನು ಸಿದ್ಧಪಡಿಸಿಕೊಡುವ ಕೆಲಸದಿಂದಲೇ ಆ ಸಂಸ್ಥೆ ಉಸಿರು ಹಿಡಿದು ಬೆಳೆಯಿತು; 2019ರಲ್ಲಿ ಜಗತ್ಪ್ರಸಿದ್ಧ ‘ರಾಕ್‌ಸ್ಟಾರ್’ ಕಂಪನಿ ಅದನ್ನು ಕೊಂಡುಕೊಂಡಿತು. ಪರರ ಕೆಲಸ ಮಾಡಿ ಅನ್ನ ಸಂಪಾದಿಸುವುದು ಕನಸಿಗೆ ಬಗೆದ ದ್ರೋಹವೆಂದು ಕೊರಗುವ ಯುವಕರು ಇದನ್ನು ಗಮನಿಸಬೇಕು. ನಾಟಕ ಕಂಪನಿಗಳೂ ಕಲೆಕ್ಷನ್ ಆಗದ ಊರಿನಲ್ಲಿ ಹಟ ಹಿಡಿದು ಕೂರುತ್ತಿರಲಿಲ್ಲ. ಕ್ಯಾಂಪ್ ಬದಲಿಸುತ್ತಿದ್ದವು, ನಾಟಕವನ್ನೇ ಬದಲಿಸುತ್ತಿದ್ದವು.

ಚಿತ್ರದ ಮೂಲಕ ಕಥೆ ಹೇಳಿದ ಕನ್ನಡ ನಾಡಿನವರಲ್ಲಿ ಅತಿ ದೊಡ್ಡ ಹೆಸರೆಂದರೆ 1929ರಲ್ಲಿ ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರದು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಮುಂಬಯಿ ಸೇರಿದ ಅವರು ಓದಿದ್ದು ರಸಾಯನ ತಂತ್ರಜ್ಞಾನ. ಆ ವೃತ್ತಿಯನ್ನು ಬಿಟ್ಟು 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದರು. ಅದು ಹೆಚ್ಚು ದಿನ ನಡೆಯಲಿಲ್ಲ. ಬಳಿಕ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿ ಉದ್ಯೋಗಕ್ಕೆ ಸೇರಿ, ಅಲ್ಲಿ 1964ರಲ್ಲಿ ಆರಂಭವಾದ ‘ಇಂದ್ರಜಾಲ’ ಕಾಮಿಕ್ಸ್‌ಗಾಗಿ ದುಡಿದು, ಚಿತ್ರಕಥೆಯ ಕಸುಬನ್ನು ಒಳಗಿನಿಂದ ಕಲಿತರು. ‘ಅಮರ ಚಿತ್ರ ಕಥೆ’ ಆ ಮೇಲಿನದು. ಆ ಮಾಲೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳಾಗಿದ್ದು, ಬೆಂಗಳೂರಿನಿಂದ ಕನ್ನಡದಲ್ಲಿ ಹೊರಬಂದವೆಂಬುದನ್ನೂ, ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಬಂದದ್ದು ಆ ಕಾರಣದಿಂದಲೇ ಎಂಬುದನ್ನೂ ಬಹುಮಂದಿ ಅರಿಯರು. ಮೊದಲ ವರ್ಷಗಳಲ್ಲಿ ಮಾರಾಟ ಮಂದವಾಗಿತ್ತು. 2011ರಲ್ಲಿ ಪೈ ಅವರು ತೀರಿಕೊಳ್ಳುವ ಹೊತ್ತಿಗೆ ಆ ಪುಸ್ತಕಗಳಿಲ್ಲದ ಶಾಲಾ ಗ್ರಂಥಾಲಯ ವಿರಳವಾಗಿತ್ತು. ‘ಮಾನವ್’ ನಿಂತಾಗ ಅವರು ಮಾಡಿದ್ದೇನು? ನೌಕರಿಗೆ ಸೇರಿದರು.

ಕಥೆಯಾಟದ ಲೋಕದಲ್ಲೇ ಇದಕ್ಕೆ ಸಮಾನವಾದ ನಿದರ್ಶನವೊಂದು ಜಪಾನಿನಲ್ಲಿದೆ. ‘ರ್ಯುಕಿಶಿ07’ ಎಂಬ ಕಾವ್ಯನಾಮದ ಲೇಖಕ ಸರ್ಕಾರಿ ನೌಕರನಾಗಿದ್ದವರು. ಅವರು ಬರೆದ ನಾಟಕವೊಂದು ಆಗ ರಂಗದ ಮೇಲೆ ಬರಲಿಲ್ಲ. ಅದರ ವಸ್ತುವನ್ನೇ ಬೆಳೆಸಿ ‘ಹಿಗುರಾಶಿ’ ಎಂಬ ಕಥೆಯಾಟವನ್ನು ರಚಿಸಿದರು. ಚಿತ್ರ ಬರೆಯುವವರನ್ನು ನೇಮಿಸಲು ಹಣವಿರಲಿಲ್ಲ, ತಾವೇ ಬರೆದರು. ಆ ಪಾತ್ರಗಳ ಕೈಗಳನ್ನು ಕಂಡು ಇಂದಿಗೂ ನಗುವವರಿದ್ದಾರೆ. ಹಿನ್ನೆಲೆಗೆ ಛಾಯಾಚಿತ್ರಗಳನ್ನೇ ಮಸುಕುಗೊಳಿಸಿ ಬಳಸಿದರು. ಓದುಗನಿಗೆ ಆಯ್ಕೆ ಕೊಡುವ ಗೊಡವೆಗೇ ಹೋಗಲಿಲ್ಲ, ಕವಲುಗಳ ಭಾರವೇ ಇರಲಿಲ್ಲ. ಇಡೀ ಕಥೆ ಮುಗಿಯಲೆಂದು ಕಾಯಲೂ ಇಲ್ಲ. ಟೋಕಿಯೋದಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಹವ್ಯಾಸಿಗಳ ಸಂತೆಯಲ್ಲಿ 2002ರಲ್ಲಿ ಮೊದಲ ಭಾಗವನ್ನು ಮಾರಾಟಕ್ಕಿಟ್ಟು, 2006ರ ವೇಳೆಗೆ ಎಂಟು ಭಾಗಗಳನ್ನು ಪೂರ್ಣಗೊಳಿಸಿದರು. ಆ ಕಥೆ ಘೋರವಾದುದು, ಮಕ್ಕಳಿಗಲ್ಲ. ಆದರೆ ತನ್ನ ಶಕ್ತಿಯ ಅಳತೆಗೆ ತಕ್ಕಂತೆ ಕೆಲಸವನ್ನು ಕತ್ತರಿಸಿಕೊಂಡ ಆ ಕ್ರಮವನ್ನು ಹದಡಿಯಲ್ಲಿ ಕುಳಿತವನೂ ಅನುಸರಿಸಬಹುದು. ಸಂಡೇ ಸ್ಕೂಲಿನ ಕ್ರಿಸ್ಮಸ್ ನಾಟಕ ಬರೆದವರೂ ಅದನ್ನೇ ಹೀಗೆ ಬೆಳೆಸಬಹುದು. ಧರ್ಮಕೇಂದ್ರದ ಗಾಯನ ತಂಡದಲ್ಲಿ ಪಾತ್ರಗಳಿಗೆ ದನಿ ಕೊಡಬಲ್ಲವರಿಗೆ ಕೊರತೆಯೇನಿಲ್ಲ.

ಹೊರಬಂದ ಮೇಲಿನ ಮೌನ

ಆಟ ಮುಗಿದ ಮೇಲೂ ಒಂದು ಹಿನ್ನಡೆ ಕಾದಿರುತ್ತದೆ: ಯಾರೂ ಮಾತನಾಡದಿರುವುದು. ಆಟಗಳ ದೊಡ್ಡ ಮಾರುಕಟ್ಟೆಯಾದ ‘ಸ್ಟೀಮ್’ನಲ್ಲಿ 2024ರ ಒಂದೇ ವರ್ಷ 18 ಸಾವಿರಕ್ಕೂ ಹೆಚ್ಚು ಆಟಗಳು ಬಿಡುಗಡೆಯಾದವು. ಅಲ್ಲಿ ಒಂದು ಆಟವನ್ನಿಡಲು 100 ಡಾಲರ್ ಶುಲ್ಕ ತೆರಬೇಕು. ‘ಇಚ್ ಐಓ’ ಎಂಬ ಇನ್ನೊಂದು ತಾಣದಲ್ಲಿ ಶುಲ್ಕವಿಲ್ಲ; ಮೊದಲ ಆಟಕ್ಕೆ ಅದೇ ಸಾಕು. ಈ ಜನಜಂಗುಳಿಯಲ್ಲಿ ಹೊಸಬನ ಆಟವನ್ನು ನಲವತ್ತು ಜನ ಕಂಡರೆ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಜನರ ಗಮನ ಸೆಳೆದ ಸಣ್ಣ ಆಟಗಳನ್ನು ನೋಡಿದರೆ ಅವು ಪರರಂತಾಗಲು ಯತ್ನಿಸಿದವುಗಳಲ್ಲ. ಕೆನಡಾದ ಟೊರೊಂಟೊದಲ್ಲಿ ಪುಟ್ಟ ತಂಡವೊಂದು 2023ರಲ್ಲಿ ಹೊರತಂದ ‘ವೆಣ್ಬಾ’ದಲ್ಲಿ ಇರುವುದು 1980ರ ದಶಕದಲ್ಲಿ ವಲಸೆ ಹೋದ ಒಂದು ತಮಿಳು ಕುಟುಂಬ, ಒಬ್ಬ ತಾಯಿ ಮತ್ತು ಹರಿದು ಕಲೆಯಾದ ಒಂದು ಅಡುಗೆ ಪುಸ್ತಕ. ಅಳಿಸಿಹೋದ ಸಾಲುಗಳನ್ನು ಊಹಿಸಿ ಇಡ್ಲಿ ಬೇಯಿಸುವುದೇ ಅಲ್ಲಿನ ಆಟ. 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಚೊಚ್ಚಲ ಆಟದ ಪ್ರಶಸ್ತಿ ಸಂದಿತು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದ ದಾವಣಗೆರೆಯ ಮನೆಗಳಲ್ಲಿ ಹೇಳಬೇಕಾದ ಕಥೆಗಳಿಲ್ಲವೇ?

ಇನ್ನು ಮನೆಯವರ ಪಾಲು. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ 2011ರಲ್ಲಿ ಪದವಿ ಪಡೆದು, ಕೆಲಸ ಸಿಗದೆ, ಅಭ್ಯಾಸಕ್ಕೆಂದು ಒಂದು ಆಟ ಕಟ್ಟಲು ತೊಡಗಿದರು. ನಾಲ್ಕೂವರೆ ವರ್ಷ ಒಬ್ಬರೇ ದುಡಿದರು. ಚಿತ್ರಗಳನ್ನು ಮತ್ತೆ ಮತ್ತೆ ಅಳಿಸಿ ಬರೆದರು. ಸಂಜೆ ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಅರೆಕಾಲಿಕ ಕೆಲಸ, ಮನೆಯಲ್ಲಿ ಸಂಗಾತಿಯ ಆಸರೆ, ಇವೆರಡರಿಂದ ದಿನ ಸಾಗಿತು. 2016ರಲ್ಲಿ ಹೊರಬಂದ ಆ ‘ಸ್ಟಾರ್‌ಡ್ಯೂ ವ್ಯಾಲಿ’ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದ ಆಟ. ಎಲ್ಲರಿಗೂ ಹಾಗಾಗುತ್ತದೆಂದು ಯಾರೂ ಭರವಸೆ ಕೊಡಲಾರರು. ಮನೆಯವರು ಕೇಳಬೇಕಾದುದು ‘ಯಾವಾಗ ದುಡ್ಡು ಬರುತ್ತದೆ’ ಎಂದಲ್ಲ, ‘ಈ ತಿಂಗಳು ಯಾವ ಭಾಗ ಮುಗಿಯಿತು, ತೋರಿಸು’ ಎಂದು. ಒಂದು ವರ್ಷದ ಅವಧಿ, ಇಷ್ಟೇ ಖರ್ಚು, ಅಷ್ಟರಲ್ಲಿ ಒಂದು ಸಣ್ಣ ಭಾಗ ಪೂರ್ಣ ಎಂದು ತಂದೆಮಕ್ಕಳು ಕುಳಿತು ಮಾತನಾಡಿಕೊಂಡರೆ ದಿನನಿತ್ಯದ ಜಗಳ ತಪ್ಪುತ್ತದೆ. ನಿದ್ರೆ ಬಿಟ್ಟು, ಊಟ ಬಿಟ್ಟು, ಗೆಳೆಯರನ್ನೂ ಬಿಟ್ಟು ಕೋಣೆ ಸೇರಿದ್ದು ಕಂಡರೆ ಅದು ಕೆಲಸದ ನಿಷ್ಠೆಯಲ್ಲ, ಕಾಯಿಲೆಯ ಲಕ್ಷಣವಾಗಿರಬಹುದು. ಆಗ ಉಪದೇಶಕ್ಕಿಂತ ಮೊದಲು ವೈದ್ಯರ ನೆರವು ಬೇಕು.

ಮನೆಯವರು ಮಾಡಬಹುದಾದ ಇನ್ನೊಂದು ಸಹಾಯಕ್ಕೆ ಕಂಪ್ಯೂಟರ್ ಜ್ಞಾನವೂ ಬೇಡ. ಆಟದ ಮೊದಲ ಹತ್ತು ನಿಮಿಷದ ಭಾಗ ಸಿದ್ಧವಾದೊಡನೆ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಅದರ ಮುಂದೆ ಕೂರಿಸಬೇಕು. ಕಟ್ಟಿದವನು ಹಿಂದೆ ನಿಂತು ಬಾಯಿ ಬಿಡಬಾರದು, ವಿವರಿಸಬಾರದು. ಅವರು ಎಲ್ಲಿ ನಕ್ಕರು, ಎಲ್ಲಿ ಕನ್ನಡಕ ಸರಿಪಡಿಸಿಕೊಂಡು ಸಾಲನ್ನು ಎರಡನೆಯ ಬಾರಿ ಓದಿದರು, ಎಲ್ಲಿ ‘ಇವನ್ಯಾರಪ್ಪಾ’ ಎಂದು ಕೇಳಿದರು, ಎಲ್ಲಿ ಎದ್ದು ಒಲೆಯ ಮೇಲಿನ ಸಾರು ನೋಡಲು ಹೋದರು ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಮರುದಿನದ ಕೆಲಸ ಆ ಹಾಳೆಯಲ್ಲಿರುತ್ತದೆ.